ಬೇಲಿಯೂ ಸದ್ದೂ: ಹೊಸ ರೈಲುಮಾರ್ಗ ಮತ್ತು ಅದರ ನೆರೆಹೊರೆ

ರೈಲ್ವೆಯ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಬಂಡಿಯ ಒಳಗೆ ಕುಳಿತು ಬರೆದಿದ್ದಾರೆ. ಎಷ್ಟು ಮೈಲಿಯ ಹಾದಿ ಎಷ್ಟು ಗಂಟೆಗಳಲ್ಲಿ ಸಾಗಿತು, ಯಾವ ಊರಿನ ವ್ಯಾಪಾರ ಎಷ್ಟು ಪಾಲು ಬೆಳೆಯಿತು ಎಂಬ ವಿಷಯಗಳು ಅಲ್ಲಿ ವಿಸ್ತಾರವಾಗಿ ಬರುತ್ತವೆ. ಹಳಿಯ ಪಕ್ಕದಲ್ಲಿ ಮನೆಮಾಡಿಕೊಂಡಿದ್ದು, ಬಂಡಿಯನ್ನು ಎಂದೂ ಏರದಿದ್ದರೂ ದಿನವೂ ಅದನ್ನು ಸಹಿಸಬೇಕಾಗಿದ್ದವನ ಮಾತು ಅಲ್ಲಿ ವಿರಳ. ಅವನ ಮಾತನ್ನು ಕೇಳಬೇಕಾದರೆ ನಾವು ಕಂಪೆನಿಗಳ ವಾರ್ಷಿಕ ವರದಿಗಳನ್ನು ಬಿಟ್ಟು ಶಾಸನಗಳನ್ನೂ ನ್ಯಾಯಸ್ಥಾನಗಳ ತೀರ್ಪುಗಳನ್ನೂ ನೋಡಬೇಕಾಗುತ್ತದೆ.

ಹೊಸ ಮಾರ್ಗವೊಂದು ನೆರೆಯವನ ಮೇಲೆ ಹೊರಿಸುವ ಹೊರೆಗಳು ಹಲವಿದ್ದರೂ ಮುಖ್ಯವಾದುವು ಎರಡು: ಒಂದು ಅಪಾಯ, ಇನ್ನೊಂದು ಸದ್ದು. ಮೇಲುನೋಟಕ್ಕೆ ಇವೆರಡೂ ಒಂದೇ ಯಂತ್ರದಿಂದ ಹುಟ್ಟಿದ ಅವಳಿಗಳಂತೆ ಕಾಣುತ್ತವೆ. ಆದರೆ ಇವುಗಳ ಚರಿತ್ರೆ ಬೇರೆಬೇರೆ. ಅಪಾಯವನ್ನು ತಡೆಯುವುದು ಮಾರ್ಗವನ್ನು ಕಟ್ಟುವವನ ಕರ್ತವ್ಯವೆಂದು ರೈಲ್ವೆ ಹುಟ್ಟಿದ ಇಪ್ಪತ್ತು ವರ್ಷಗಳೊಳಗೇ ಕಾನೂನು ವಿಧಿಸಿತು. ಸದ್ದನ್ನು ತಡೆಯುವುದೂ ಅವನದೇ ಕರ್ತವ್ಯವೆಂದು ಹೇಳುವುದಕ್ಕೆ ಅದು ಒಂದು ಶತಮಾನಕ್ಕಿಂತಲೂ ಹೆಚ್ಚು ಕಾಲವನ್ನು ತೆಗೆದುಕೊಂಡಿತು. ಈ ಅಂತರ ಏಕೆ ಉಂಟಾಯಿತು, ಅದು ಎಲ್ಲಿ ಮುರಿಯಿತು ಎಂಬುದನ್ನು ಇಂಗ್ಲೆಂಡಿನ ಎರಡು ಮೊಕದ್ದಮೆಗಳಿಂದಲೂ ಜಪಾನಿನ ಒಂದು ಮೊಕದ್ದಮೆಯಿಂದಲೂ ತಿಳಿಯಲು ಇಲ್ಲಿ ಯತ್ನಿಸಿದ್ದೇವೆ.

ಲಿವರ್‌ಪೂಲ್-ಮ್ಯಾಂಚೆಸ್ಟರ್ ಮಾರ್ಗ 1830ರ ಸೆಪ್ಟೆಂಬರ್ 15ರಂದು ತೆರೆಯಿತು. ಆ ಉತ್ಸವದ ನಡುವೆಯೇ ಪಾರ್ಲಿಮೆಂಟಿನ ಸದಸ್ಯನಾಗಿದ್ದ ವಿಲಿಯಂ ಹಸ್ಕಿಸನ್ ಎಂಬಾತನು ಹಳಿಯ ಮೇಲೆ ಇಳಿದು ನಿಂತಿದ್ದಾಗ 'ರಾಕೆಟ್' ಎಂಬ ಎಂಜಿನ್ನಿಗೆ ಸಿಕ್ಕಿ, ಅದೇ ರಾತ್ರಿ ತೀರಿಕೊಂಡನು. ಸಾವಿನೊಡನೆ ಆರಂಭವಾದ ಈ ಸಾರಿಗೆಯನ್ನು ಅಂಕೆಯಲ್ಲಿಡಬೇಕೆಂಬ ವಿಚಾರಕ್ಕೆ ಬಹುಕಾಲ ಹಿಡಿಯಲಿಲ್ಲ. 1840ರ ಶಾಸನವು ಸರ್ಕಾರದ ತನಿಖಾಧಿಕಾರಿಗಳನ್ನು ನೇಮಿಸಿತು. 1842ರ ಶಾಸನವು, ಹೊಸ ಮಾರ್ಗವು ಸುರಕ್ಷಿತವಲ್ಲವೆಂದು ತನಿಖಾಧಿಕಾರಿಗೆ ತೋರಿದಲ್ಲಿ ಅದರ ಉದ್ಘಾಟನೆಯನ್ನೇ ಮುಂದೂಡುವ ಅಧಿಕಾರವನ್ನು ಕೊಟ್ಟಿತು. 1845ರ ರೈಲ್ವೆ ಕ್ಲಾಸಸ್ ಶಾಸನವು ಇನ್ನೂ ಮುಂದೆ ಹೋಗಿ, ಪಕ್ಕದ ಜಮೀನುಗಳಿಗೆ ಬೇಲಿ, ಗೇಟು, ಸೇತುವೆ, ಚರಂಡಿ ಮುಂತಾದುವನ್ನು ಕಂಪೆನಿಯೇ ಮಾಡಿಕೊಟ್ಟು ನಿರ್ವಹಿಸತಕ್ಕದ್ದೆಂದೂ, ರಸ್ತೆಯನ್ನು ಹಳಿ ಸಮತಲದಲ್ಲಿ ದಾಟುವೆಡೆ ಗೇಟುಗಳನ್ನಿಟ್ಟು ಕಾವಲಿನವರನ್ನು ನೇಮಿಸತಕ್ಕದ್ದೆಂದೂ ವಿಧಿಸಿತು.

ಇನ್ನು ಸದ್ದಿನ ಕಥೆ. ಹಳಿಯ ಸದ್ದು ಇಂಗ್ಲೆಂಡಿನಲ್ಲಿ ಬಲುಬೇಗನೆ ನ್ಯಾಯಸ್ಥಾನವನ್ನು ಹತ್ತಿದ್ದು ಮನುಷ್ಯನ ಕಿವಿಯ ಮೂಲಕವಲ್ಲ, ಕುದುರೆಯ ಕಿವಿಯ ಮೂಲಕ. ಸ್ಟಾಕ್ಟನ್-ಡಾರ್ಲಿಂಗ್ಟನ್ ಮಾರ್ಗವು ಕೆಲವೆಡೆ ಹೆದ್ದಾರಿಗೆ ಕೆಲವೇ ಗಜಗಳ ಅಂತರದಲ್ಲಿ ಸಾಗುತ್ತಿತ್ತು. ಎಂಜಿನ್ನಿನ ಸದ್ದಿಗೂ ಹೊಗೆಗೂ ಬೆದರಿ ಕುದುರೆಗಳು ಓಡುತ್ತಿದ್ದುದರಿಂದ ಅದು ಸಾರ್ವಜನಿಕ ಉಪದ್ರವವೆಂದು ಆಪಾದನೆ ಬಂದಿತು. 1832ರಲ್ಲಿ ತೀರ್ಮಾನವಾದ ಈ ಪೀಸ್ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಹೇಳಿದ್ದರ ಸಾರವಿಷ್ಟು: ಪಾರ್ಲಿಮೆಂಟು ಉಗಿಯಂತ್ರವನ್ನು ಓಡಿಸಲು ಯಾವ ನಿರ್ಬಂಧವನ್ನೂ ಹಾಕದೆ ಅನುಮತಿ ಕೊಟ್ಟಿದೆ, ಹಳಿ ರಸ್ತೆಯ ಬದಿಯಲ್ಲೇ ಇರುವುದೆಂಬುದು ಅದಕ್ಕೆ ತಿಳಿದಿತ್ತೆಂದು ನಾವು ಭಾವಿಸಬೇಕು, ಆದುದರಿಂದ ರಸ್ತೆಯವರ ತೊಂದರೆಯು ದೇಶದ ಹೆಚ್ಚಿನ ಹಿತಕ್ಕಾಗಿ ಒಪ್ಪಿಕೊಂಡ ತೊಂದರೆಯೇ ಸರಿ. ಶಾಸನದ ಅಪ್ಪಣೆಯಿದ್ದರೆ ಉಪದ್ರವವೂ ಉಪದ್ರವವಲ್ಲ ಎಂಬ ನ್ಯಾಯ ಅಲ್ಲಿಂದ ಬೇರೂರಿತು.

ಅದರ ಪೂರ್ಣ ಫಲವನ್ನು ಕಂಡವರು ಬ್ರ್ಯಾಂಡ್ ದಂಪತಿಗಳು. ಹ್ಯಾಮರ್‌ಸ್ಮಿತ್ ಮತ್ತು ಸಿಟಿ ರೈಲ್ವೆಯು ಅವರ ಮನೆಯ ಬಳಿ ಹಾದುಹೋಯಿತು. ಅವರ ನೆಲದಲ್ಲಿ ಒಂದಂಗುಲವನ್ನೂ ಕಂಪೆನಿ ತೆಗೆದುಕೊಳ್ಳಲಿಲ್ಲ; ಆದರೆ ಬಂಡಿಗಳ ಕಂಪನದಿಂದ ಮನೆಯ ಬೆಲೆ ಇಳಿಯಿತು. 1869ರಲ್ಲಿ ಪ್ರಭುಗಳ ಸಭೆ ಕೊಟ್ಟ ತೀರ್ಪಿನಂತೆ, ಮಾರ್ಗವನ್ನು 'ಕಟ್ಟುವುದರಿಂದ' ಆದ ಹಾನಿಗೆ ಪರಿಹಾರವುಂಟು, ಕಟ್ಟಿದ ಮಾರ್ಗವನ್ನು 'ಬಳಸುವುದರಿಂದ' ಆದ ಹಾನಿಗೆ ಇಲ್ಲ. ಪೀಠದಲ್ಲಿದ್ದ ಲಾರ್ಡ್ ಕೇರ್ನ್ಸ್ ಇದನ್ನು ಒಪ್ಪದೆ ಭಿನ್ನಮತವನ್ನು ಬರೆದನು. ಬಹುಮತ ಅವನ ಕಡೆ ಇರಲಿಲ್ಲ. ಕೆಲಸದ ಕಾಲದಲ್ಲಿ ಗೋಡೆ ಬಿರುಕುಬಿಟ್ಟರೆ ಹಣ ಸಿಕ್ಕೀತು. ಅದೇ ಗೋಡೆ ಮುಂದೆ ಐವತ್ತು ವರ್ಷ ದಿನವೂ ಅದುರಿದರೆ ಕಾಸೂ ಇಲ್ಲ. ಶಾಸನದ ಪದಗಳನ್ನು ಹಿಡಿದು ನೋಡಿದರೆ ಈ ತೀರ್ಪು ಅಸಾಧುವೆಂದು ಹೇಳುವುದು ಕಷ್ಟ. ಅದರ ಪರಿಣಾಮ ಮಾತ್ರ ವಿಪರೀತವಾದದ್ದು. ಜಮೀನಿನ ತುಣುಕನ್ನು ಕಳೆದುಕೊಂಡವನು ಸಂಧಾನಕ್ಕೆ ಕೂಡಬಹುದಾಗಿತ್ತು, ಏನನ್ನೂ ಕಳೆದುಕೊಳ್ಳದೆ ಸದ್ದನ್ನು ಮಾತ್ರ ಪಡೆದವನು ಬಾಗಿಲ ಹೊರಗೇ ಉಳಿದನು. ಈ ನ್ಯಾಯವು ಶಾಸನದ ಮೂಲಕ ಸಡಿಲವಾದದ್ದು 1973ರಲ್ಲಿ; ಹೊಸ ರೈಲುಮಾರ್ಗಗಳ ಪಕ್ಕದ ಮನೆಗಳಿಗೆ ಸದ್ದು ತಡೆಯುವ ಕಿಟಕಿಗಳನ್ನು ಹಾಕಿಸಿಕೊಡುವ ನಿಯಮಗಳು ಬಂದದ್ದು 1996ರಲ್ಲಿ.

ಬೇಲಿಗೆ ದೊರೆತ ಆದರ ಸದ್ದಿಗೆ ಏಕೆ ದೊರೆಯಲಿಲ್ಲ? ಆ ಕಾಲದಲ್ಲಿ ಸದ್ದನ್ನು ಅಳೆಯುವ ಸಾಧನವಿರಲಿಲ್ಲವೆಂಬುದು ಒಂದು ಉತ್ತರ. ನಿಜವಾದರೂ ಅದು ಸಾಲದು. ಬೇಲಿಯು ನೆರೆಯವನ ದನವನ್ನು ಕಾಪಾಡುವಂತೆಯೇ ಕಂಪೆನಿಯ ಎಂಜಿನ್ನನ್ನೂ ಕಾಪಾಡುತ್ತದೆ. ಹಳಿಗೆ ಅಡ್ಡಬಂದ ಒಂದು ಎತ್ತು ಇಡೀ ಬಂಡಿಯನ್ನು ಉರುಳಿಸಬಲ್ಲುದು. ಅಪಾಯದ ವಿಷಯದಲ್ಲಿ ಮಾರ್ಗದ ಒಡೆಯನ ಹಿತವೂ ನೆರೆಯವನ ಹಿತವೂ ಒಂದೆಡೆ ಕೂಡುತ್ತವೆ. ಸದ್ದಾದರೋ ಒಡೆಯನಿಗೆ ಒಂದು ಕಾಸಿನ ನಷ್ಟವನ್ನೂ ಉಂಟುಮಾಡುವುದಿಲ್ಲ. ಈ ಅಭಿಪ್ರಾಯಕ್ಕೆ ಪೋಷಕವಾದ ಇನ್ನೊಂದು ಸಂಗತಿಯೂ ಇದೆ. ಸುರಕ್ಷತೆಯ ಶಾಸನಗಳು ಬಂದ ಆ ವರ್ಷಗಳಲ್ಲೇ ಪೆನ್ನೈನ್ ಬೆಟ್ಟಗಳನ್ನು ಕೊರೆದು ವುಡ್‌ಹೆಡ್ ಸುರಂಗವನ್ನು ಮಾಡಿದ ಕೂಲಿಗಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಸುಧಾರಕನಾದ ಎಡ್ವಿನ್ ಚಾಡ್ವಿಕ್ ಆ ಸಾವು-ಗಾಯಗಳ ಪ್ರಮಾಣವನ್ನು ಹೆಸರಾದ ಯುದ್ಧಗಳ ಪ್ರಮಾಣದೊಡನೆ ಹೋಲಿಸಿ ತೋರಿಸಿದನು. 1846ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ವಿಚಾರಣೆ ನಡೆಸಿ ಕಂಪೆನಿಗಳನ್ನೇ ಹೊಣೆಗಾರರನ್ನಾಗಿ ಮಾಡಬೇಕೆಂದು ಹೇಳಿತು. ಆ ಶಿಫಾರಸು ಶಾಸನವಾಗಲಿಲ್ಲ. ಸತ್ತ ಕೂಲಿಯ ಸ್ಥಾನಕ್ಕೆ ಮತ್ತೊಬ್ಬ ಕೂಲಿ ಅಗ್ಗವಾಗಿ ಸಿಕ್ಕುತ್ತಿದ್ದನು. ಬೇಲಿಯ ಒಳಗಿನ ಕೂಲಿಯೂ ಬೇಲಿಯ ಹೊರಗಿನ ನಿದ್ರಾಹೀನನೂ ಒಂದೇ ಕಾರಣಕ್ಕಾಗಿ ಲೆಕ್ಕದಿಂದ ಬಿದ್ದುಹೋದರು.

ಈ ಹಿನ್ನೆಲೆಯೊಡನೆ ನಾವು ಜಪಾನಿಗೆ ಬರೋಣ. ಇಪ್ಪತ್ತನೆಯ ಶತಮಾನದ ನಡುವೆ ಪೂರ್ತಿ ಹೊಸದಾಗಿ, ಹಳೆಯ ಮಾರ್ಗದ ಯಾವ ಕಟ್ಟುಪಾಡೂ ಇಲ್ಲದೆ ಯೋಜಿಸಿದ ಟೋಕಿಯೋ-ಒಸಾಕಾ ಮಾರ್ಗದಲ್ಲಿ ಮೇಲೆ ಹೇಳಿದ ಅಂತರವು ಕನ್ನಡಿಯಲ್ಲಿ ಕಂಡಂತೆ ಸ್ಪಷ್ಟವಾಗಿ ಕಾಣುತ್ತದೆ.

ಹಳೆಯ ಟೋಕೈಡೋ ಮಾರ್ಗದ ಹಳಿಗಳ ಅಂತರ 1,067 ಮಿಲಿಮೀಟರು. ಆ ಕಿರಿದಾದ ದಾರಿಯ ಮೇಲೆ ಇನ್ನು ಹೆಚ್ಚಿನ ಸಂಚಾರ ಸಾಧ್ಯವಿಲ್ಲವೆಂದು ಕಂಡಾಗ, ಜಪಾನ್ ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷನಾಗಿದ್ದ ಸೋಗೋ ಶಿಂಜಿಯೂ ಮುಖ್ಯ ಎಂಜಿನಿಯರನಾಗಿದ್ದ ಶಿಮಾ ಹಿಡೆಯೋವೂ 1,435 ಮಿಲಿಮೀಟರಿನ ಪ್ರತ್ಯೇಕ ಮಾರ್ಗವೊಂದನ್ನು, ಎಂದರೆ ಶಿಂಕಾನ್‌ಸೆನ್ ಅನ್ನು, ಕಟ್ಟಿಸಲು ಹೊರಟರು. 1959ರ ಏಪ್ರಿಲಿನಲ್ಲಿ ಕೆಲಸ ಆರಂಭವಾಯಿತು. 1961ರಲ್ಲಿ ವಿಶ್ವಬ್ಯಾಂಕು 8 ಕೋಟಿ ಡಾಲರುಗಳ ಸಾಲವನ್ನು ಕೊಟ್ಟಿತು. 1964ರ ಅಕ್ಟೋಬರ್ 1ರಂದು ಬಂಡಿ ಓಡಿತು. ಟೋಕಿಯೋ ಒಲಿಂಪಿಕ್ ಕ್ರೀಡೆಗಳು ಆರಂಭವಾಗಲು ಆಗ ಹತ್ತು ದಿನಗಳೂ ಪೂರ್ತಿ ಉಳಿದಿರಲಿಲ್ಲವೆಂದರೆ ಅವಸರ ಎಷ್ಟಿತ್ತೆಂಬುದನ್ನು ವಾಚಕರು ಊಹಿಸಬಹುದು. ಗಂಟೆಗೆ 210 ಕಿಲೋಮೀಟರ್ ವೇಗದಲ್ಲಿ ಸುಮಾರು 515 ಕಿಲೋಮೀಟರಿನ ದಾರಿಯನ್ನು ಮೊದಲು ನಾಲ್ಕು ಗಂಟೆಗಳಲ್ಲಿಯೂ, ಮರುವರ್ಷದಿಂದ ಮೂರು ಗಂಟೆ ಹತ್ತು ನಿಮಿಷಗಳಲ್ಲಿಯೂ ಅದು ಮುಟ್ಟುತ್ತಿತ್ತು.

ಸುರಕ್ಷತೆಯ ವಿಷಯದಲ್ಲಿ ಯೋಜಕರು ಅತ್ಯಂತ ಜಾಗರೂಕರಾಗಿದ್ದರು. ಅದಕ್ಕೆ ಕಾರಣಗಳೂ ಇದ್ದುವು. ಮಾರ್ಗ ನಿರ್ಮಾಣದಲ್ಲಿದ್ದಾಗಲೇ 1962ರ ಮೇ ತಿಂಗಳಲ್ಲಿ ಮಿಕಾವಾಶಿಮಾ ಎಂಬಲ್ಲಿ 160 ಜನರೂ, 1963ರ ನವೆಂಬರಿನಲ್ಲಿ ತ್ಸುರುಮಿ ಎಂಬಲ್ಲಿ 161 ಜನರೂ ಹಳೆಯ ಮಾರ್ಗಗಳಲ್ಲಿ ಬಂಡಿಗಳ ಡಿಕ್ಕಿಯಿಂದ ಮಡಿದಿದ್ದರು. ಹೊಸ ಮಾರ್ಗದಲ್ಲಿ ರಸ್ತೆಯು ಹಳಿಯನ್ನು ಸಮತಲದಲ್ಲಿ ದಾಟುವ ಒಂದೇ ಒಂದು ಸ್ಥಳವೂ ಇರಕೂಡದೆಂದು ನಿಶ್ಚಯಿಸಿ ಮಾರ್ಗವನ್ನೆಲ್ಲ ದಿಬ್ಬ, ಸೇತುವೆ, ಸುರಂಗಗಳ ಮೇಲೆ ಸಾಗಿಸಿದರು. ಹಾದಿಬದಿಯ ಕೈಮರಗಳನ್ನು ನಂಬದೆ, ಅನುಮತಿಸಿದ ವೇಗವನ್ನು ಚಾಲಕನ ಮುಂದೆಯೇ ತೋರಿಸಿ, ಮೀರಿದಾಗ ತಾನಾಗಿಯೇ ಬ್ರೇಕು ಹಾಕುವ ನಿಯಂತ್ರಣವನ್ನು ಅಳವಡಿಸಿದರು. ಮಾರ್ಗದೊಳಕ್ಕೆ ನುಗ್ಗುವವರಿಗೂ ಹಳಿಯ ಮೇಲೆ ವಸ್ತುಗಳನ್ನಿಡುವವರಿಗೂ ಶಿಕ್ಷೆ ವಿಧಿಸುವ ವಿಶೇಷ ಶಾಸನವನ್ನು 1964ರಲ್ಲಿಯೇ ಮಾಡಿದರು. ಶಿಂಕಾನ್‌ಸೆನ್‌ನಲ್ಲಿ ಬಂಡಿ ಹಳಿ ತಪ್ಪಿಯಾಗಲಿ ಡಿಕ್ಕಿಯಾಗಿಯಾಗಲಿ ಒಬ್ಬ ಪ್ರಯಾಣಿಕನೂ ಸತ್ತಿಲ್ಲವೆಂಬುದು ಜಗತ್ತಿಗೆಲ್ಲ ತಿಳಿದ ಮಾತು. 2004ರ ನೀಗಾಟ ಭೂಕಂಪದಲ್ಲಿ ಓಡುತ್ತಿದ್ದ ಬಂಡಿಯೊಂದು ಹಳಿ ತಪ್ಪಿದಾಗಲೂ ಯಾರ ಪ್ರಾಣವೂ ಹೋಗಲಿಲ್ಲ.

ಈ ಕೀರ್ತಿಗೆ ಕಾರಣವಾದ ಮೇಲ್ಸೇತುವೆಯೇ ಸದ್ದಿನ ಪೀಠವೂ ಆಯಿತು. ನಗೋಯಾ ನಗರದ ಮಿನಾಮಿ, ಮಿಝುಹೋ, ಅತ್ಸುತಾ, ನಕಗಾವಾ ವಿಭಾಗಗಳಲ್ಲಿ ಮಾರ್ಗವು ಸುಮಾರು 7 ಕಿಲೋಮೀಟರು ಒತ್ತೊತ್ತಾಗಿ ಕಟ್ಟಿದ ಮರದ ಮನೆಗಳ ನಡುವೆ ಹೋಗುತ್ತದೆ. ಕೆಲವು ಮನೆಗಳ ಮಾಡಿಗೂ ಸೇತುವೆಗೂ ಕೆಲವೇ ಮೀಟರುಗಳ ಅಂತರವಿತ್ತು. ರಸ್ತೆ-ಕಾಲುವೆಗಳನ್ನು ದಾಟುವಲ್ಲಿ ಉಕ್ಕಿನ ತೊಲೆಗಳ ಸೇತುವೆಗಳಿದ್ದುವು. ಕಾಂಕ್ರೀಟಿನ ಹಾಸಿನ ಮೇಲೆ ಜಲ್ಲಿ ಸುರಿದು ಅದರ ಮೇಲೆ ಹಳಿಯನ್ನಿಟ್ಟಾಗ ಜಲ್ಲಿಯು ಸದ್ದಿನ ಒಂದು ಪಾಲನ್ನು ನುಂಗಿಕೊಳ್ಳುತ್ತದೆ. ಜಲ್ಲಿಯಿಲ್ಲದೆ ಹಳಿಯನ್ನು ನೇರವಾಗಿ ಉಕ್ಕಿನ ತೊಲೆಗೆ ಬಿಗಿದಾಗ ಸೇತುವೆಯೇ ಒಂದು ದೊಡ್ಡ ಜಾಗಟೆಯಾಗುತ್ತದೆ. ಸುಮಾರು 200 ಬಂಡಿಗಳು ಬೆಳಗ್ಗೆ ಆರರಿಂದ ನಡುರಾತ್ರಿಯವರೆಗೆ ಈ ಜಾಗಟೆಯನ್ನು ಬಾರಿಸುತ್ತಿದ್ದುವು. ಹದಿನೆಂಟು ಗಂಟೆಗಳಿಗೆ ಹಂಚಿದರೆ ಐದಾರು ನಿಮಿಷಗಳಿಗೆ ಒಂದಾಯಿತು. ಮಾತು ನಡುವೆ ನಿಲ್ಲುವುದು, ಮಲಗಿದ ಮಗು ಬೆಚ್ಚುವುದು, ರೋಗಿಗೆ ನಿದ್ರೆ ಹತ್ತದಿರುವುದು, ಗೋಡೆಯ ಗಾರೆ ಉದುರುವುದು: ಅವರ ದೂರುಗಳು ಇಂಥವು.

ರೈಲ್ವೆಯ ಎಂಜಿನಿಯರರಿಗೆ ಸದ್ದಿನ ಅರಿವಿರಲಿಲ್ಲವೆಂದು ಹೇಳಲಾಗದು. ಆದರೆ ಮೀರಬಾರದ ಒಂದು ಮಿತಿಯನ್ನು ಅವರಿಗೆ ಯಾರೂ ವಿಧಿಸಿರಲಿಲ್ಲ. ಶಿಂಕಾನ್‌ಸೆನ್‌ನ ಸದ್ದಿಗೆ ಸರ್ಕಾರವು ಮೊದಲ ಸೂಚನೆಯನ್ನು ಕೊಟ್ಟದ್ದು 1972ರ ಡಿಸೆಂಬರಿನಲ್ಲಿ, ಮಾರ್ಗ ತೆರೆದು ಎಂಟು ವರ್ಷಗಳಾದ ಮೇಲೆ. ಬಂಡಿ ಹಾದುಹೋಗುವಾಗಿನ ಸದ್ದು 80 ಫೋನ್‌ಗಳನ್ನು ಮೀರದಂತೆ ನೋಡಿಕೊಳ್ಳಬೇಕೆಂದು ಅದು ಹೇಳಿತು. ಫೋನ್ ಎಂಬುದನ್ನು ಇಲ್ಲಿ ಇಂದಿನ ಡೆಸಿಬಲ್‌ಗೆ ಸಮವೆಂದು ತಿಳಿದರೆ ಸಾಕು. ಈ ಮಾನದಲ್ಲಿ ಹತ್ತರ ಹೆಚ್ಚಳವೆಂದರೆ ಸದ್ದಿನ ಶಕ್ತಿ ಹತ್ತುಪಟ್ಟಾಯಿತೆಂದು ಅರ್ಥ. ಕಿವಿಗೆ ಅದು ಸುಮಾರು ಇಮ್ಮಡಿಯಾಗಿ ಕೇಳಿಸುತ್ತದೆ. 1975ರ ಜುಲೈನಲ್ಲಿ ಹೊರಬಿದ್ದ ಪರಿಸರ ಮಾನವು ವಾಸದ ಬಡಾವಣೆಗಳಿಗೆ 70 ಡೆಸಿಬಲ್, ವ್ಯಾಪಾರ-ಕೈಗಾರಿಕೆಗಳ ಪ್ರದೇಶಗಳಿಗೆ 75 ಡೆಸಿಬಲ್ ಎಂದು ಗೊತ್ತುಮಾಡಿತು. ಕಟ್ಟಿದ ಮೇಲೆ ಅಳತೆಗೋಲನ್ನು ತಯಾರಿಸಿದಂತಾಯಿತು.

ಈ ಮಧ್ಯೆ, 1974ರ ಮಾರ್ಚ್ 30ರಂದು, ನಗೋಯಾದ 575 ನಿವಾಸಿಗಳು ರಾಷ್ಟ್ರೀಯ ರೈಲ್ವೆಯ ಮೇಲೆ ವ್ಯಾಜ್ಯ ಹೂಡಿದರು. ಅವರು ಕೇಳಿದ್ದು ಹಣವನ್ನು ಮಾತ್ರವಲ್ಲ. ಹಗಲು ಏಳರಿಂದ ರಾತ್ರಿ ಒಂಬತ್ತರವರೆಗೆ 65 ಫೋನ್, ಮುಂಜಾನೆಯ ಮತ್ತು ರಾತ್ರಿಯ ಉಳಿದ ಹೊತ್ತಿನಲ್ಲಿ 55 ಫೋನ್ ಮೀರಿದ ಸದ್ದನ್ನು ತಮ್ಮ ಮನೆಗಳೊಳಕ್ಕೆ ಬಿಡಕೂಡದೆಂದು ಪ್ರತಿಬಂಧಕಾಜ್ಞೆಯನ್ನು ಕೇಳಿದರು. ಅದನ್ನು ಆಗಿನ ಸ್ಥಿತಿಯಲ್ಲಿ ಸಾಧಿಸಲು ಇದ್ದ ಉಪಾಯ ಒಂದೇ: ಆ ಭಾಗದಲ್ಲಿ ಬಂಡಿ ನಿಧಾನವಾಗಿ ಹೋಗುವುದು. 7 ಕಿಲೋಮೀಟರಿನ ದಾರಿಯನ್ನು 210 ಕಿಲೋಮೀಟರ್ ವೇಗದಲ್ಲಿ ದಾಟಲು ಎರಡು ನಿಮಿಷ ಸಾಕು. ವೇಗವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿದರೂ ಆರು ನಿಮಿಷಗಳಾಗುತ್ತವೆ. ನಾಲ್ಕು ನಿಮಿಷಗಳ ನಷ್ಟ, ನಿಧಾನಿಸಿ ಮತ್ತೆ ವೇಗಗೂಡುವುದಕ್ಕೆ ಇನ್ನಷ್ಟು. 575 ಜನರ ನೆಮ್ಮದಿಗೆ ಇದು ಹೆಚ್ಚಿನ ಬೆಲೆಯಲ್ಲವೆಂದು ಯಾರಿಗಾದರೂ ತೋರುವುದು ಸಹಜ.

ರೈಲ್ವೆಯ ಪ್ರತಿವಾದವೂ ದುರ್ಬಲವಾದುದಲ್ಲ. ಈ ಏಳು ಕಿಲೋಮೀಟರುಗಳಿಗೆ ಒಪ್ಪಿದರೆ ಟೋಕಿಯೋದಿಂದ ಒಸಾಕಾವರೆಗೆ ಇದೇ ಸ್ಥಿತಿಯಲ್ಲಿರುವ ಎಲ್ಲರೂ ಇದನ್ನೇ ಕೇಳುವರು. ಎಲ್ಲೆಡೆಯೂ ನಿಧಾನಿಸಿದರೆ ಮಾರ್ಗವನ್ನು ಕಟ್ಟಿದ ಉದ್ದೇಶವೇ ಅಳಿಯುತ್ತದೆ ಎಂದು ಅದು ವಾದಿಸಿತು. 1980ರ ಸೆಪ್ಟೆಂಬರ್ 11ರಂದು ನಗೋಯಾ ಜಿಲ್ಲಾ ನ್ಯಾಯಸ್ಥಾನವು ಈ ವಾದಕ್ಕೆ ಮನ್ನಣೆ ಕೊಟ್ಟು ಪ್ರತಿಬಂಧಕಾಜ್ಞೆಯನ್ನು ನಿರಾಕರಿಸಿತು. ಆದರೆ ಅದೇ ತೀರ್ಪಿನಲ್ಲಿ, ಸದ್ದೂ ಕಂಪನವೂ ಸಹನೆಯ ಮಿತಿಯನ್ನು ಮೀರಿವೆಯೆಂದು ಒಪ್ಪಿ, ಅದುವರೆಗಿನ ಹಾನಿಗೆ ಪರಿಹಾರವನ್ನು ವಿಧಿಸಿತು. 1985ರ ಏಪ್ರಿಲಿನಲ್ಲಿ ಮೇಲಿನ ನ್ಯಾಯಸ್ಥಾನವೂ ಇದೇ ಜಾಡನ್ನು ಹಿಡಿಯಿತು. 1986ರ ಏಪ್ರಿಲಿನಲ್ಲಿ ಉಭಯ ಪಕ್ಷಗಳೂ ರಾಜಿಯಾದುವು; ರೈಲ್ವೆಯು 48 ಕೋಟಿ ಯೆನ್ ಕೊಡಲೂ, ಸದ್ದನ್ನು 75ರ ಮಟ್ಟಕ್ಕೆ ಇಳಿಸಲು ಕ್ರಮ ಕೈಗೊಳ್ಳಲೂ ಒಪ್ಪಿತು. ಮರುವರ್ಷ ರಾಷ್ಟ್ರೀಯ ರೈಲ್ವೆಯೇ ಒಡೆದು ಪ್ರತ್ಯೇಕ ಕಂಪೆನಿಗಳಾಯಿತು.

ಇದನ್ನು ನಿವಾಸಿಗಳ ಸೋಲೆಂದು ಬರೆದವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಬ್ರ್ಯಾಂಡ್ ಮೊಕದ್ದಮೆಯ ಜೊತೆಗಿಟ್ಟು ನೋಡಿದರೆ ಇಲ್ಲಿ ಆದದ್ದೇನೆಂಬುದು ತಿಳಿಯುತ್ತದೆ. ಮಾರ್ಗದ ಬಳಕೆಯಿಂದ ಬಂದ ಸದ್ದಿಗೆ, ನೆಲವನ್ನು ಕಳೆದುಕೊಳ್ಳದವನಿಗೂ, ಮಾರ್ಗದ ಒಡೆಯನು ಹಣ ತೆರಬೇಕಾಯಿತು. ಸದ್ದಿಗೆ ಮೊದಲ ಬಾರಿಗೆ ರೈಲ್ವೆಯ ಖರ್ಚಿನ ಪುಸ್ತಕದಲ್ಲಿ ಒಂದು ಪುಟ ತೆರೆಯಿತು. ಮಾನಕ್ಕಿಂತ ಬಹಳ ಹೆಚ್ಚು ಸದ್ದಿದ್ದೆಡೆಯ ಮನೆಗಳನ್ನು ಕೊಂಡು ನಿವಾಸಿಗಳನ್ನು ಸ್ಥಳಾಂತರಿಸುವುದು, ಉಳಿದವರಿಗೆ ಇಮ್ಮಡಿ ಕಿಟಕಿಗಳನ್ನು ಹಾಕಿಸುವುದು, ಉಕ್ಕಿನ ಸೇತುವೆಗಳ ಅಡಿಗೂ ಬದಿಗೂ ಸದ್ದು ತಡೆಯುವ ಹೊದಿಕೆಯನ್ನು ಕಟ್ಟುವುದು ಇವೆಲ್ಲವೂ ರೈಲ್ವೆಯ ಖರ್ಚುಗಳಾದುವು. ಖರ್ಚು ತಲೆಯ ಮೇಲೆ ಬಂದೊಡನೆ ಎಂಜಿನಿಯರರ ಗಮನವೂ ಅತ್ತ ತಿರುಗಿತು.

ಆ ಗಮನ ಏನನ್ನು ಸಾಧಿಸಿತೆಂಬುದನ್ನು ಸ್ವಲ್ಪ ವಿವರಿಸಬೇಕು. ಇತಿಹಾಸದ ವಿದ್ಯಾರ್ಥಿಗಳು ಯಂತ್ರದ ಮಾತೆಂದು ಇದನ್ನು ಹಾರಿಸಿ ಓದದಿರಲಿ. ವೇಗದ ಬಂಡಿಯ ಸದ್ದು ಒಂದಲ್ಲ. ಗಾಲಿ ಹಳಿಯ ಮೇಲೆ ಉರುಳುವುದರಿಂದ ಹುಟ್ಟುವುದು ಒಂದು. ಕೆಳಗಿನ ಸೇತುವೆ ಅದುರುವುದರಿಂದ ಹುಟ್ಟುವುದು ಎರಡನೆಯದು. ಮೇಲಿನ ತಂತಿಯಿಂದ ವಿದ್ಯುತ್ತನ್ನು ಹೀರುವ ಪ್ಯಾಂಟೋಗ್ರಾಫು ತಂತಿಯನ್ನು ಬಿಟ್ಟು ಹಿಡಿಯುವಾಗ ಹಾರುವ ಕಿಡಿಯದೂ ಅದರ ಕಂಬಿಗಳ ನಡುವೆ ನುಗ್ಗುವ ಗಾಳಿಯದೂ ಮೂರನೆಯದು. ಬಂಡಿಯ ಮೈಗೆ ಗಾಳಿ ತಾಗುವುದರಿಂದ ಹುಟ್ಟುವುದು ನಾಲ್ಕನೆಯದು. ಮಾರ್ಗದ ಅಂಚಿಗೆ ಕಟ್ಟಿದ ಗೋಡೆ ಮೊದಲನೆಯದನ್ನು ಚೆನ್ನಾಗಿ ಮರೆಮಾಡುತ್ತದೆ, ಏಕೆಂದರೆ ಅದು ತಗ್ಗಿನಲ್ಲಿ ಹುಟ್ಟುವ ಸದ್ದು. ಎರಡನೆಯದಕ್ಕೆ ಗೋಡೆಯಿಂದ ಪ್ರಯೋಜನವಿಲ್ಲ. ಅದು ಗೋಡೆಯ ಕೆಳಗಿನಿಂದ ಬರುತ್ತದೆ. ಮೂರನೆಯದು ಗೋಡೆಯ ತಲೆಯ ಮೇಲಿಂದ ಹಾಯ್ದುಹೋಗುತ್ತದೆ. ಗಾಳಿಯಿಂದ ಹುಟ್ಟುವ ಸದ್ದಾದರೋ ವೇಗದ ಸುಮಾರು ಆರನೆಯ ಘಾತದಂತೆ ಏರುತ್ತದೆ. 210ರಿಂದ 270ಕ್ಕೆ ವೇಗ ಹೆಚ್ಚಿದರೆ, ಬೇರೇನನ್ನೂ ಬದಲಿಸದಿದ್ದಲ್ಲಿ, ಆ ಪಾಲು ಆರು ಡೆಸಿಬಲ್‌ಗೂ ಮೇಲ್ಪಟ್ಟು ಏರಬೇಕು.

ಆದರೂ ವೇಗ ಏರಿತು, ಸದ್ದು ಏರಲಿಲ್ಲ. ಮೊದಲ ಬಂಡಿಗಳಲ್ಲಿ ಎರಡು ಗಾಡಿಗಳಿಗೆ ಒಂದರಂತೆ, ಹದಿನಾರು ಗಾಡಿಗಳಿಗೆ ಎಂಟು ಪ್ಯಾಂಟೋಗ್ರಾಫುಗಳಿದ್ದುವು. 1992ರಲ್ಲಿ ಗಂಟೆಗೆ 270 ಕಿಲೋಮೀಟರಿನಂತೆ ಓಡಲಾರಂಭಿಸಿದ ಬಗೆಯಲ್ಲಿ ಗಾಡಿಗಳನ್ನು ಮೇಲಿನಿಂದಲೇ ಕೇಬಲ್ಲಿನಿಂದ ಜೋಡಿಸಿ ಅವನ್ನು ಕೊನೆಗೆ ಎರಡಕ್ಕೆ ಇಳಿಸಿದರು. ಸುರಂಗಗಳ ಬಳಿ ಇನ್ನೊಂದು ಬಗೆಯ ತೊಂದರೆ ಕಾಣಿಸಿಕೊಂಡಿತ್ತು. 1975ರಲ್ಲಿ ಹಕಾತವರೆಗೆ ಮುಂದುವರಿದ ಸಾನ್ಯೋ ಮಾರ್ಗದಲ್ಲಿ ಜಲ್ಲಿಯ ಬದಲು ಕಾಂಕ್ರೀಟಿನ ಹಲಗೆಗಳ ಮೇಲೆ ಹಳಿಯನ್ನಿಟ್ಟ ಉದ್ದನೆಯ ಸುರಂಗಗಳಿವೆ. ಬಂಡಿಯು ಸುರಂಗವನ್ನು ಹೊಕ್ಕೊಡನೆ ಅದರ ಮುಂದೆ ಒತ್ತಿದ ಗಾಳಿಯ ಅಲೆಯೊಂದು ಸಾಗಿ, ಆಚೆಯ ಬಾಯಲ್ಲಿ ಫಿರಂಗಿಯಂತೆ ಸಿಡಿಯುತ್ತಿತ್ತು. ಸುರಂಗದ ಬಾಯಿಗೆ ರಂಧ್ರಗಳುಳ್ಳ ಕೊಳವೆಯಂಥ ಮುಂಚಾಚನ್ನು ಕಟ್ಟಿ ಅಲೆಯ ಏರಿಕೆಯನ್ನು ನಿಧಾನಗೊಳಿಸಿದರು. ಅದೇ ಸಾನ್ಯೋ ಮಾರ್ಗಕ್ಕಾಗಿ, ಪಕ್ಷಿವೀಕ್ಷಣೆಯಲ್ಲಿ ಆಸಕ್ತನಾಗಿದ್ದ ನಕತ್ಸು ಏಜಿ ಎಂಬ ಎಂಜಿನಿಯರನು, ನೀರಿಗೆ ಧುಮುಕಿದರೂ ಹೆಚ್ಚು ಅಲೆಯೆಬ್ಬಿಸದ ಮಿಂಚುಳ್ಳಿಯ ಕೊಕ್ಕನ್ನು ನೆನೆದು ಬಂಡಿಯ ಮೂತಿಯನ್ನು ಸುಮಾರು 15 ಮೀಟರು ನೀಳವಾಗಿಸಿದನು. ಆ ಬಂಡಿ 1997ರಲ್ಲಿ 300 ಕಿಲೋಮೀಟರ್ ವೇಗದಲ್ಲಿ ಓಡಿತು. ಮಿಂಚುಳ್ಳಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮಿಂಚುಳ್ಳಿಯನ್ನು ನೆನೆಯುವ ಅಗತ್ಯವನ್ನು ತಂದಿತ್ತದ್ದು 70 ಮತ್ತು 75 ಎಂಬ ಎರಡು ಅಂಕಿಗಳೆಂಬುದನ್ನು ಹೇಳುವವರು ಕಡಿಮೆ.

ಕಟ್ಟಿದ ಮೇಲೆ ಮಾಡಿದ ತಿದ್ದುಪಡಿಗಳು ಇವು. ಕಟ್ಟುವ ಮುನ್ನವೇ ಸದ್ದಿನ ಪ್ರಶ್ನೆ ಎದ್ದರೆ ಏನಾಗುತ್ತದೆಂಬುದಕ್ಕೆ ಟೋಕಿಯೋದ ಉತ್ತರಕ್ಕಿರುವ ತೋಹೊಕು ಮಾರ್ಗವನ್ನು ನೋಡಬೇಕು. ಸೈತಾಮಾ ಪ್ರಾಂತದ ದಕ್ಷಿಣದಲ್ಲಿ ಇದನ್ನು ನೆಲದಡಿ ಸಾಗಿಸುವ ಆಲೋಚನೆ ಮೊದಲಿತ್ತು. 1973ರಲ್ಲಿ ಅದನ್ನು ಬಿಟ್ಟು ಮೇಲ್ಸೇತುವೆಯೆಂದು ಹೇಳಿದಾಗ, ನಗೋಯಾದ ಸುದ್ದಿಯನ್ನು ಕೇಳಿದ್ದ ಆ ಊರುಗಳವರು ತಿರುಗಿಬಿದ್ದರು. ವರ್ಷಗಟ್ಟಲೆ ಕೆಲಸ ನಿಂತಿತು. 1982ರ ಜೂನಿನಲ್ಲಿ ಮಾರ್ಗ ತೆರೆದಾಗ ಅದು ರಾಜಧಾನಿಯನ್ನು ಮುಟ್ಟಿರಲಿಲ್ಲ. ಪ್ರಯಾಣಿಕರು ಒಮಿಯಾ ಎಂಬಲ್ಲಿ ಇಳಿದು ಬೇರೆ ಬಂಡಿಯಲ್ಲಿ ಉಯೆನೋಗೆ ಹೋಗಬೇಕಾಗಿತ್ತು. ಕೊನೆಗೆ ಆದ ಒಪ್ಪಂದದಂತೆ ಮಾರ್ಗದ ಎರಡು ಪಕ್ಕಗಳಲ್ಲಿಯೂ ಸುಮಾರು 20 ಮೀಟರು ಅಗಲದ ಪಟ್ಟಿಯನ್ನು ಮನೆಗಳಿಲ್ಲದಂತೆ ಬಿಟ್ಟರು. ಮೇಲೆ ಹಾರಿಹೋಗುವ ಬಂಡಿಯಿಂದ ತಮಗೇನು ಬಂತೆಂದು ಕೇಳುತ್ತಿದ್ದ ಸ್ಥಳೀಯರಿಗಾಗಿ ಅದರ ಪಕ್ಕದಲ್ಲೇ ನಗರ ಸಾರಿಗೆಯ ಮಾರ್ಗವೊಂದನ್ನು ಕಟ್ಟಿ 1985ರಲ್ಲಿ ತೆರೆದರು. ಉಯೆನೋ-ಒಮಿಯಾ ನಡುವೆ ವೇಗವನ್ನು 110 ಕಿಲೋಮೀಟರಿಗೆ ಮಿತಗೊಳಿಸಿದರು. ನಗೋಯಾದವರಿಗೆ ಅಸಾಧ್ಯವೆಂದು ನ್ಯಾಯಸ್ಥಾನದಲ್ಲಿ ಹೇಳಿದ ನಿಧಾನವು ಇಲ್ಲಿ ಸಾಧ್ಯವಾಯಿತು. ಆ ಮಿತಿ ಮೂವತ್ತೈದು ವರ್ಷಗಳಿಗೂ ಹೆಚ್ಚು ಕಾಲ ನಿಂತಿತು. 2021ರಲ್ಲಿ ಒಂದು ಭಾಗದಲ್ಲಿ ಅದನ್ನು 130ಕ್ಕೆ ಏರಿಸಿದ್ದು ಸದ್ದು ತಡೆಯುವ ಕೆಲಸಗಳನ್ನು ಮೊದಲು ಮಾಡಿ ಮುಗಿಸಿದ ಮೇಲೆ. ಅದರಿಂದ ಉಳಿದ ಸಮಯ ಹೆಚ್ಚೆಂದರೆ ಒಂದು ನಿಮಿಷ.

20 ಮೀಟರಿನ ಪಟ್ಟಿ ಎಷ್ಟು ಸದ್ದನ್ನು ಇಳಿಸೀತೆಂದು ಕೆಲವರು ಕೇಳಬಹುದು. ಉದ್ದನೆಯ ಬಂಡಿಯ ಸದ್ದು ದೂರ ಇಮ್ಮಡಿಯಾದಾಗ ಸುಮಾರು 3 ಡೆಸಿಬಲ್ ಇಳಿಯುತ್ತದೆಂಬ ಸ್ಥೂಲವಾದ ಲೆಕ್ಕದಂತೆ, 5 ಮೀಟರಿನಲ್ಲಿದ್ದ ಮನೆ 25 ಮೀಟರಿಗೆ ಸರಿದರೆ ಸುಮಾರು 7 ಡೆಸಿಬಲ್ ಕಡಿಮೆಯಾಗುತ್ತದೆ. ಅದ್ಭುತವೇನಲ್ಲ, ಆದರೆ ಖಾಲಿ ನೆಲದಲ್ಲಿ ಗೆರೆ ಎಳೆಯುವಾಗ ಇದಕ್ಕೆ ತಗಲುವ ವೆಚ್ಚವೂ, ಮನೆಗಳು ನಿಂತ ಮೇಲೆ ಅವನ್ನು ಒಂದೊಂದಾಗಿ ಕೊಂಡು ಕೆಡಹುವ ವೆಚ್ಚವೂ ಹೋಲಿಕೆಗೇ ಸಿಕ್ಕುವಂಥವಲ್ಲ.

ನಮ್ಮ ದೇಶಕ್ಕೂ ಈ ಜಪಾನೀ ಚರಿತ್ರೆಗೂ ಈಗ ನೇರವಾದ ಸಂಬಂಧವಿದೆ. 2017ರ ಸೆಪ್ಟೆಂಬರಿನಲ್ಲಿ ಅಡಿಗಲ್ಲನ್ನಿಟ್ಟ 508 ಕಿಲೋಮೀಟರಿನ ಮುಂಬಯಿ-ಅಹಮದಾಬಾದ್ ಮಾರ್ಗವನ್ನು ಶಿಂಕಾನ್‌ಸೆನ್‌ನ ತಂತ್ರದಂತೆ ಕಟ್ಟಲು ತೊಡಗಿದರು. ಅದರ ಮೇಲ್ಸೇತುವೆಯ ಅಂಚುಗಳಲ್ಲಿ ಹಳಿಯ ಮಟ್ಟದಿಂದ 2 ಮೀಟರು ಎತ್ತರದ ಸದ್ದುತಡೆಯ ಗೋಡೆಗಳನ್ನು ಬಂಡಿ ಓಡುವುದಕ್ಕೆ ಮುಂಚೆಯೇ ನಿಲ್ಲಿಸತೊಡಗಿದ್ದಾರೆ. ನಗೋಯಾದ 575 ಜನರ ಪಾಲು ಆ ಗೋಡೆಯಲ್ಲಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಇದು ತಂತ್ರದೊಡನೆ ಬಂದ ಬಳುವಳಿ. ನಮ್ಮದೇ ಶಾಸನಗಳಲ್ಲಿ ಇದಕ್ಕೆ ಆಧಾರವೆಷ್ಟು ಎಂದು ನೋಡಿದರೆ ಹಳೆಯ ಅಂತರ ಮತ್ತೆ ಕಾಣುತ್ತದೆ. ಪ್ರಯಾಣಿಕರ ಹೊಸ ಮಾರ್ಗವನ್ನು ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷಿಸದೆ ತೆರೆಯುವಂತಿಲ್ಲ; 1842ರ ಇಂಗ್ಲಿಷ್ ಶಾಸನದ ವಂಶ ಅದು. ಸದ್ದಿಗೆ ಅಂಥ ಪರೀಕ್ಷಕರಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಹೇಳುತ್ತವೆ. ಹಾದುಹೋಗುವ ಬಂಡಿಗೆಂದು ಜಪಾನಿನಲ್ಲಿರುವಂಥ ಬೇರೆ ಅಂಕಿಯನ್ನು ಅವು ಹೇಳುವುದಿಲ್ಲ. ಪರಿಸರದ ಮೇಲಿನ ಪರಿಣಾಮವನ್ನು ಮುಂಚಿತವಾಗಿ ಪರಿಶೀಲಿಸಿ ಅನುಮತಿ ಪಡೆಯಬೇಕೆಂದು ವಿಧಿಸುವ 2006ರ ಅಧಿಸೂಚನೆಯ ಪಟ್ಟಿಯಲ್ಲಿ ವಿಮಾನ ನಿಲ್ದಾಣ, ಬಂದರು, ಹೆದ್ದಾರಿಗಳು ಸೇರಿವೆ, ರೈಲುಮಾರ್ಗ ಸೇರಿಲ್ಲ. 2022ರಲ್ಲಿ ಅಡಿಗಲ್ಲು ಬಿದ್ದ ಬೆಂಗಳೂರಿನ ಉಪನಗರ ರೈಲಿನ ಕೆಲವು ಭಾಗಗಳು ಮೇಲ್ಸೇತುವೆಯ ಮೇಲೆ ಮನೆಗಳ ಸಾಲಿನ ಪಕ್ಕದಲ್ಲೇ ಹೋಗಬೇಕಾಗಿರುವುದರಿಂದ ಈ ವಿಷಯ ನಮ್ಮ ವಿದ್ಯಾರ್ಥಿಗಳಿಗೆ ದೂರದ್ದೇನೂ ಅಲ್ಲ.

ಹಳೆಯ ಕಾಯಿದೆಗಳನ್ನು ಓದುವ ಅಭ್ಯಾಸವುಳ್ಳವರು ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬಹುದು. 1890ರ ಭಾರತೀಯ ರೈಲ್ವೆ ಕಾಯಿದೆಯ 13ನೆಯ ಪ್ರಕರಣವು ಬೇಲಿ-ಗೇಟುಗಳ ಜೊತೆಗೆ ಇನ್ನೊಂದನ್ನೂ ಹೇಳುತ್ತಿತ್ತು. ಮೊದಲೇ ಇದ್ದ ಸಾರ್ವಜನಿಕ ರಸ್ತೆಯ ಬದಿಯಲ್ಲಿ ಹಳಿ ಬಂದಾಗ, ಬಂಡಿಗಳ ನೋಟಕ್ಕೂ ಸದ್ದಿಗೂ ಕುದುರೆ ಮೊದಲಾದ ಪ್ರಾಣಿಗಳು ಬೆದರಿ ದಾರಿಹೋಕರಿಗೆ ಅಪಾಯವಾಗದಂತೆ, ನಡುವೆ ಮರೆಯೊಂದನ್ನು ಕಟ್ಟಬೇಕೆಂದು ರೈಲ್ವೆಗೆ ಆಜ್ಞಾಪಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತ್ತು. ಪೀಸ್ ಮೊಕದ್ದಮೆಯ ಕುದುರೆಗಳು ಅರುವತ್ತು ವರ್ಷಗಳ ತರುವಾಯ ಭಾರತದ ಶಾಸನದಲ್ಲಿ ಗೆದ್ದುವೆನ್ನಬೇಕು. ಬಂಡಿಯ ಸದ್ದನ್ನು ಹೆಸರಿಸಿ, ಅದಕ್ಕೆ ಅಡ್ಡಲಾಗಿ ಮರೆ ಕಟ್ಟಿಸಬಹುದೆಂದ ಆ ವಾಕ್ಯ 1989ರ ಕಾಯಿದೆಯ ಬೇಲಿ-ಗೇಟುಗಳ ಪ್ರಕರಣದಲ್ಲಿ ಇಲ್ಲ. ಅಷ್ಟು ಹೊತ್ತಿಗೆ ರಸ್ತೆಗಳಲ್ಲಿ ಕುದುರೆಗಳು ವಿರಳವಾಗಿದ್ದುವು.